ಪೆಟ್ಟಿಗೆಯಲ್ಲಿದ್ದ 48 ಹಾಡುಗಳ ಕುರಿತು

ಮಾನ್ಯ ಸಂಪಾದಕರಿಗೆ ವಂದನೆಗಳು.

ಕಳೆದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಗಾಯಕಿ ಗಿಲಿಯನ್ ವೆಲ್ಚ್ ಅವರ ‘ಬೂಟ್ಸ್ ನಂಬರ್ 2: ದ ಲಾಸ್ಟ್ ಸಾಂಗ್ಸ್’ ಎಂಬ ಸಂಕಲನದ ಬಗ್ಗೆ ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತದ ಕವಲಾದ ಆಲ್ಟರ್ನೇಟಿವ್ ಕಂಟ್ರಿಗೆ ಕನ್ನಡ ಪತ್ರಿಕೆಯೊಂದು ಅರ್ಧ ಪುಟ ಕೊಟ್ಟದ್ದು ನನಗೆ ನಿಜಕ್ಕೂ ಸಂತೋಷ ತಂದ ವಿಷಯ. ಆದರೆ ಲೇಖಕರು ಈ ಹಾಡುಗಳನ್ನು ಅಡುಗೆಯಾದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದಕ್ಕೆ ಹೋಲಿಸಿ, ಬಿಡುಗಡೆ ಮಾಡದೆ ಇಟ್ಟದ್ದನ್ನು ಹಾಗೆಯೇ ಬಿಡಬೇಕಿತ್ತು ಎಂಬ ತೀರ್ಮಾನಕ್ಕೆ ಬಂದಿದ್ದಾರೆ. ಕಾಸರಗೋಡಿನ ಬದಿಯಡ್ಕ, ಪೆರ್ಲ, ನೀರ್ಚಾಲು, ಮುಳ್ಳೇರಿಯ ಕಡೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮೈಕ್ ಸೆಟ್ ಕಟ್ಟಿ, ಯಕ್ಷಗಾನದ ಆಟಗಳನ್ನೂ ವೇಷವಿಲ್ಲದೆ ಕುಳಿತು ನಡೆಸುವ ತಾಳಮದ್ದಳೆಗಳನ್ನೂ ಟೇಪಿನಲ್ಲಿ ಹಿಡಿದಿಟ್ಟವನಾದ ನನಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಆದ್ದರಿಂದ ಈ ಪತ್ರ.

ಮೊದಲು ಲೇಖನದಲ್ಲಿ ನುಸುಳಿದ ತಪ್ಪುಗಳನ್ನು ಹೇಳಿಬಿಡುತ್ತೇನೆ. ಗಾಯಕಿಯ ಹೆಸರನ್ನು ‘ಜಿಲಿಯನ್’ ಎಂದು ಬರೆಯಲಾಗಿದೆ. ಅವರು ತಮ್ಮ ಹೆಸರನ್ನು ಹೇಳುವುದು ‘ಗಿಲಿಯನ್’ ಎಂದು. ಇದು ಸಣ್ಣ ವಿಷಯ. ದೊಡ್ಡದು ಏನೆಂದರೆ, ಬೇರೆ ಬೇರೆ ಆಲ್ಬಂಗಳಿಗೆಂದು ಹಾಡಿ, ಸಾಲದೆಂದು ತೆಗೆದುಹಾಕಿದ ಹಾಡುಗಳೇ ವರ್ಷಗಳ ಕಾಲ ರಾಶಿ ಬಿದ್ದು ಈ ಸಂಕಲನವಾಯಿತು ಎಂದು ಲೇಖಕರು ತಿಳಿದಂತಿದೆ. ನಡೆದದ್ದು ಹಾಗಲ್ಲ. ಹಾಡುಗಳ ಪ್ರಕಾಶನ ಹಕ್ಕಿನ ಒಂದು ಹಳೆಯ ಕರಾರು ವೆಲ್ಚ್ ಅವರ ಮೇಲಿತ್ತು. ಅದರಿಂದ ಬಿಡಿಸಿಕೊಳ್ಳಬೇಕಾದರೆ ಒಪ್ಪಿಕೊಂಡಷ್ಟು ಹಾಡುಗಳನ್ನು ಒದಗಿಸಲೇಬೇಕಿತ್ತು. 2002ರ ಡಿಸೆಂಬರಿನ ಒಂದು ವಾರಾಂತ್ಯದಲ್ಲಿ ಅವರೂ ಅವರ ಬಹುಕಾಲದ ಜೊತೆಗಾರ ಡೇವಿಡ್ ರಾಲಿಂಗ್ಸ್ ಅವರೂ ಕುಳಿತು, ಟಿಪ್ಪಣಿ ಪುಸ್ತಕಗಳಲ್ಲಿ ಅರ್ಧ ಬರೆದಿಟ್ಟವನ್ನೂ ಪೂರ್ತಿ ಮಾಡಿ, ರೀಲ್ ಟೇಪಿನ ಮೇಲೆ 48 ಹಾಡುಗಳನ್ನು ಧ್ವನಿಮುದ್ರಿಸಿದರು. ಕರಾರು ತೀರಿತು, ರೀಲುಗಳು ಕಪಾಟು ಸೇರಿದವು. ಹಾಗಾಗಿ ಇವು ಪರೀಕ್ಷೆಗೆ ಕುಳಿತು ಅನುತ್ತೀರ್ಣವಾದ ಹಾಡುಗಳಲ್ಲ. ಇವುಗಳನ್ನು ಯಾರೂ ಪರೀಕ್ಷೆಗೇ ಕೂರಿಸಿರಲಿಲ್ಲ. ಅವರು 2001ರಲ್ಲಿಯೂ 2003ರಲ್ಲಿಯೂ ಹೊರತಂದ ಎರಡು ಆಲ್ಬಂಗಳ ನಡುವೆ ಬಿದ್ದ ಕಾಲ ಅದು, ಅಂದರೆ ಅವರ ಬರವಣಿಗೆ ತುಂಬಿ ಹರಿಯುತ್ತಿದ್ದ ಕಾಲ.

ಈ ರೀಲುಗಳು ಹೊರಬಂದ ಬಗೆಯನ್ನು ಲೇಖನ ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದೆ. ನನ್ನ ಮಟ್ಟಿಗೆ ಇಡೀ ವಿಷಯದ ಜೀವ ಇರುವುದೇ ಅಲ್ಲಿ. 2020ರ ಮಾರ್ಚ್ 3ರಂದು ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿನಲ್ಲಿ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್ ನಗರಕ್ಕೆ ಸುಂಟರಗಾಳಿ ಅಪ್ಪಳಿಸಿ, ನಗರದ ಪೂರ್ವ ಭಾಗದಲ್ಲಿರುವ ಅವರ ವುಡ್‌ಲ್ಯಾಂಡ್ ಸ್ಟುಡಿಯೋದ ಮಾಡನ್ನು ಕಿತ್ತುಹಾಕಿತು. ಕರೆಂಟಿಲ್ಲದ ಕತ್ತಲಲ್ಲಿ, ಮೇಲಿಂದ ನೀರು ಸುರಿಯುತ್ತಿರುವಾಗ, ಅವರಿಬ್ಬರೂ ಮಾಸ್ಟರ್ ಟೇಪುಗಳನ್ನೂ ವಾದ್ಯಗಳನ್ನೂ ಹೊತ್ತು ಒದ್ದೆಯಾಗದ ಜಾಗಕ್ಕೆ ಸಾಗಿಸಿದರು. ಆ ರಾತ್ರಿ ಕಳೆದ ಮೇಲೆ, ಇಷ್ಟು ವರ್ಷ ಕಪಾಟಿನಲ್ಲಿ ಇದ್ದದ್ದು ಒಂದೇ ಗಂಟೆಯಲ್ಲಿ ಇಲ್ಲವಾಗುತ್ತಿತ್ತಲ್ಲ ಎಂಬ ಅರಿವು ಅವರನ್ನು ಹಿಡಿದಿರಬೇಕು. ಅದೇ ವರ್ಷದ ಜುಲೈಯಿಂದ ನವೆಂಬರಿನೊಳಗೆ ತಮ್ಮದೇ ಸಂಸ್ಥೆಯಾದ ಅಕೋನಿ ರೆಕಾರ್ಡ್ಸ್‌ನಿಂದ ಮೂರು ಸಂಪುಟಗಳಲ್ಲಿ ಎಲ್ಲ 48 ಹಾಡುಗಳನ್ನು ಹೊರತಂದರು. ಹಣದ ಆಸೆಗೆ ಮಾಡಿದ ಕೆಲಸವಾಗಿದ್ದರೆ ಹದಿನೆಂಟು ವರ್ಷ ಕಾಯಬೇಕಾದ ಅಗತ್ಯವೇನಿತ್ತು?

ಟೇಪು ಎಂಬ ವಸ್ತುವನ್ನು ಕೈಯಲ್ಲಿ ಹಿಡಿದು ಬಾಳಿದವರಿಗೆ ಆ ರಾತ್ರಿಯ ಗಾಬರಿ ಬೇಗ ಅರ್ಥವಾಗುತ್ತದೆ. ಟೇಪು ಎಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಲ್ಲಿ ಕಲಸಿ ಬಳಿದ ಕಬ್ಬಿಣದ ಆಕ್ಸೈಡಿನ ತೆಳುವಾದ ಲೇಪ, ಅಷ್ಟೆ. ಆ ಅಂಟು ತೇವ ಹೀರಿಕೊಂಡರೆ ಜಿಗುಟಾಗಿ, ಯಂತ್ರದಲ್ಲಿ ಟೇಪನ್ನು ಓದುವ ಹೆಡ್ಡಿಗೆ ಹಿಡಿದುಕೊಳ್ಳುತ್ತದೆ, ಕಿರುಗುಟ್ಟುತ್ತದೆ, ಕೊನೆಗೆ ಲೇಪವೇ ಕಂದು ಹುಡಿಯಾಗಿ ಉದುರುತ್ತದೆ. 1970 ಮತ್ತು 80ರ ದಶಕದ ಕೆಲವು ಬಗೆಯ ರೀಲುಗಳನ್ನು ಸುಮಾರು 50 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸಿದ ಮೇಲೆಯೇ ನುಡಿಸಿ ನಕಲು ತೆಗೆದುಕೊಳ್ಳಬೇಕಾಗುತ್ತದೆ. ಸುತ್ತಿಟ್ಟ ಟೇಪನ್ನು ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಒಂದು ಸುತ್ತಿನ ಧ್ವನಿ ಪಕ್ಕದ ಸುತ್ತಿಗೆ ಇಳಿಯುವುದೂ ಉಂಟು. ಆಗ ಹಾಡು ಆರಂಭವಾಗುವುದಕ್ಕೆ ಒಂದು ಕ್ಷಣ ಮೊದಲೇ ಅದರ ಮಸುಕಾದ ನೆರಳು ಮೌನದಲ್ಲಿ ಕೇಳಿಸುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ನಮ್ಮ ಕಾಸರಗೋಡಿನಲ್ಲಿ ಇದನ್ನು ಕಲಿಯಲು ಸುಂಟರಗಾಳಿ ಬೇಕಾಗಿಲ್ಲ, ಮಳೆ ಜಡಿಯುವ ಒಂದು ಆಟಿ ತಿಂಗಳು ಸಾಕು. ಅಟ್ಟದಲ್ಲಿ ಇಟ್ಟಿದ್ದ ನನ್ನ ಕ್ಯಾಸೆಟ್ಟುಗಳಲ್ಲಿ ಎಷ್ಟೋ ಬಿಳಿ ಬೂಷ್ಟು ಹಿಡಿದು ಹೋದವು. ಹಿಂದೊಮ್ಮೆ ಒಂದು ಕ್ಯಾಸೆಟ್ ಕಂಪೆನಿಯವರು ನನ್ನಿಂದ ಪಡೆದುಕೊಂಡಿದ್ದ ಇಡೀ ರಾತ್ರಿಯ ತಾಳಮದ್ದಳೆಗಳಿಂದ ಜನಪ್ರಿಯ ಪ್ರಸಂಗಗಳನ್ನು ಮಾತ್ರ ಆರಿಸಿ, ಅರವತ್ತು ನಿಮಿಷಕ್ಕೆ ಕತ್ತರಿಸಿ ಮಾರಿ, ಉಳಿದವುಗಳ ಮೇಲೆ ಬೇರೆ ಹಾಡು ತುಂಬಿಸಿ ಹಿಂದಿರುಗಿಸಿದರು. ಯಾರೂ ಮತ್ತೆ ಮುದ್ರಿಸದಿರಲೆಂದು ಆ ಕ್ಯಾಸೆಟ್ಟುಗಳ ಬೆನ್ನಿನ ಪ್ಲಾಸ್ಟಿಕ್ ಕಿವಿಯನ್ನು ನಾನು ಮುರಿದು ಕೊಟ್ಟಿದ್ದರೂ ಅದರ ಮೇಲೆ ಕಾಗದ ಅಂಟಿಸಿ ಧ್ವನಿಮುದ್ರಿಸಿದ್ದರು. ಇದು ಈಗಲೂ ನನ್ನನ್ನು ನೋಯಿಸುತ್ತದೆ.

ಲೇಖಕರ ಇನ್ನೊಂದು ಆಕ್ಷೇಪ, ಈ ಹಾಡುಗಳು ‘ಬರಿದಾಗಿವೆ, ಅಲಂಕಾರವಿಲ್ಲ’ ಎಂಬುದು. ಆಲ್ಟರ್ನೇಟಿವ್ ಕಂಟ್ರಿ ಹುಟ್ಟಿದ ಕಾರಣಗಳಲ್ಲಿ ಅದೂ ಒಂದಾಗಿರುವಾಗ ಇದನ್ನು ಕೊರತೆಯೆಂದು ಹೇಳುವುದು ಸರಿಯಲ್ಲ. 1950ರ ದಶಕದ ಕೊನೆಯಲ್ಲಿ ನ್ಯಾಶ್‌ವಿಲ್ಲಿನ ರೆಕಾರ್ಡ್ ಕಂಪೆನಿಗಳು ಹಳ್ಳಿಯ ಪಿಟೀಲನ್ನೂ ಸ್ಟೀಲ್ ಗಿಟಾರನ್ನೂ ಹಿಂದೆ ಸರಿಸಿ, ವಯೊಲಿನ್ ವೃಂದವನ್ನೂ ಹಿನ್ನೆಲೆಯ ಕೂಟಗಾನವನ್ನೂ ತಂದು ಕಂಟ್ರಿ ಸಂಗೀತವನ್ನು ಪಟ್ಟಣದವರ ದಿವಾನಖಾನೆಗೆ ಒಗ್ಗಿಸಿದವು. ಮುಂದೆ ಇದನ್ನು ಬಿಟ್ಟು ಹಳೆಯ ಹಾಡುಗಳತ್ತ ತಿರುಗಿದವರಲ್ಲಿ ಒಂದಾದ, ಇಲಿನಾಯ್ ರಾಜ್ಯದ ಬೆಲ್‌ವಿಲ್ ಎಂಬ ಊರಿನ ಅಂಕಲ್ ಟುಪೆಲೊ ತಂಡ 1990ರಲ್ಲಿ, 1930ರ ದಶಕದಲ್ಲಿ ಕಂಟ್ರಿ ಸಂಗೀತದ ಹಿರಿಯರಾದ ಕಾರ್ಟರ್ ಕುಟುಂಬ ಹಾಡಿದ್ದ ಹಾಡೊಂದರಿಂದ ‘ನೋ ಡಿಪ್ರೆಶನ್’ ಎಂಬ ಹೆಸರನ್ನು ತನ್ನ ಮೊದಲ ಆಲ್ಬಮ್ಮಿಗೆ ಇಟ್ಟುಕೊಂಡಿತು. 1995ರಲ್ಲಿ ಈ ಸಂಗೀತಕ್ಕೆಂದು ಅದೇ ಹೆಸರಿನ ಪತ್ರಿಕೆಯೂ ಹೊರಟಿತು. ವೆಲ್ಚ್ ಅವರ ಮೊದಲ ಆಲ್ಬಂ ಬಂದದ್ದು ಅದರ ಮರುವರ್ಷ, 1996ರಲ್ಲಿ. ಎರಡು ಕಂಠ, ಎರಡು ಗಿಟಾರು, ನಡುವೆ ಮೌನ ಎಂಬುದು ಅವರು ಆರಿಸಿಕೊಂಡ ದಾರಿ. ತಾಳಮದ್ದಳೆಯಲ್ಲಿ ವೇಷವಿಲ್ಲವೆಂದು ಯಾರಾದರೂ ದೂರಿದರೆ ನಾವು ಏನು ಹೇಳುತ್ತೇವೆ?

ಅಲಂಕಾರ ಸೇರಿಸಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. 1980ರ ದಶಕದಲ್ಲಿ ಗಲ್ಫಿನಿಂದ ರಜೆಯಲ್ಲಿ ಬಂದವರು ನಮ್ಮ ಕಡೆಗೆ ತಂದ ಕ್ಯಾಸೆಟ್ಟುಗಳ ನಡುವೆ ಜಿಮ್ ರೀವ್ಸ್ ಅವರದ್ದೂ ಇರುತ್ತಿತ್ತು; ನಾನು ಕಂಟ್ರಿ ಸಂಗೀತವನ್ನು ಮೊದಲು ಕೇಳಿದ್ದು ಹಾಗೆ, ಪಕ್ಕದ ಮನೆಯ ಜಗಲಿಯಲ್ಲಿ. ರೀವ್ಸ್ 1964ರ ಜುಲೈ 31ರಂದು ನ್ಯಾಶ್‌ವಿಲ್ ಬಳಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರು ಮಾದರಿಗೆಂದು ಹಾಡಿಟ್ಟಿದ್ದ ‘ಡಿಸ್ಟೆಂಟ್ ಡ್ರಮ್ಸ್’ ಹಾಡಿಗೆ ವಾದ್ಯವೃಂದವನ್ನು ಆಮೇಲೆ ಸೇರಿಸಿ 1966ರಲ್ಲಿ ಬಿಡುಗಡೆ ಮಾಡಿದಾಗ ಅದು ಬ್ರಿಟನ್ನಿನಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. ಜನ ಮೆಚ್ಚಿದರು, ನಿಜ. ಆದರೆ ತೀರಿಹೋದವರ ದನಿಯ ಸುತ್ತ ಅವರು ಕೇಳಿಯೇ ಇರದ ಪಿಟೀಲುಗಳನ್ನು ಕಟ್ಟುವುದಕ್ಕೂ, ಬದುಕಿರುವ ಕವಿಯೊಬ್ಬರು ತಮ್ಮದೇ ಹಾಡುಗಳನ್ನು ಇದ್ದಂತೆಯೇ ಕೇಳುಗರ ಮುಂದೆ ಇಡುವುದಕ್ಕೂ ಇರುವ ಅಂತರವನ್ನು ನಿಮ್ಮ ಲೇಖಕರು ಗಮನಿಸಬೇಕಿತ್ತು. ಕಲಾವಿದರ ಮೌನವನ್ನು ಗೌರವಿಸಬೇಕೆಂಬ ಅವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. 1997ರ ಮೊದಲ ದಿನ ತೀರಿಕೊಂಡ ಹಾಡುಗಾರ ಟೌನ್ಸ್ ವ್ಯಾನ್ ಜಾಂಟ್ ಅವರ ಹಳೆಯ ಮುದ್ರಣಗಳು 2013ರಲ್ಲಿ ಸಂಕಲನವಾಗಿ ಬಂದಾಗ ಈ ಪ್ರಶ್ನೆ ಏಳುವುದು ಸಹಜ. ವೆಲ್ಚ್ ಅವರ ವಿಷಯದಲ್ಲಿ ಮೌನ ಮುರಿದವರು ಅವರೇ.

ಎಲ್ಲ 48 ಹಾಡುಗಳೂ ಉತ್ತಮವೆಂದು ನಾನು ವಾದಿಸುವುದಿಲ್ಲ. ಕೆಲವು ಒಂದೇ ನಡೆಯಲ್ಲಿ ಸಾಗುತ್ತವೆ, ಕೆಲವು ಇನ್ನೊಂದು ಚರಣ ಬೇಕಿತ್ತು ಅನ್ನಿಸುವಲ್ಲಿ ಮುಗಿಯುತ್ತವೆ. ಆದರೆ ಒಬ್ಬ ಹಾಡುಗಾರ ಹೇಗೆ ಹಾಡುಗಾರನಾಗುತ್ತಾನೆ ಎಂಬುದು ಗೊತ್ತಾಗುವುದು ಇಂಥ ಮುದ್ರಣಗಳಿಂದ, ತೂಕ ನೋಡಿ ಆರಿಸಿದ ಆಲ್ಬಮ್ಮುಗಳಿಂದ ಅಲ್ಲ. ಇದಕ್ಕೆ ಮೊದಲು, 2016ರಲ್ಲಿ, ಮೊದಲ ಆಲ್ಬಮ್ಮಿಗೆ ಇಪ್ಪತ್ತು ವರ್ಷ ತುಂಬಿದಾಗ ಬಂದ ‘ಬೂಟ್ಸ್ ನಂಬರ್ 1’ ಎಂಬ 21 ಮುದ್ರಣಗಳ ಸಂಕಲನದಲ್ಲಿ, ನಾವು ಬಲ್ಲ ಹಲವು ಹಾಡುಗಳು ಬೇರೆ ರೂಪದಲ್ಲಿ ಸಿಗುತ್ತವೆ. ಆರಿಸಿದ ದಾರಿ ಯಾವುದು, ಬಿಟ್ಟ ದಾರಿ ಯಾವುದು ಎಂಬುದು ಎರಡನ್ನೂ ಒಟ್ಟಿಗೆ ಕೇಳಿದಾಗ ಮಾತ್ರ ತಿಳಿಯುತ್ತದೆ.

ನನ್ನಲ್ಲಿಯೂ ಅಂಥದೊಂದು ಕ್ಯಾಸೆಟ್ ಇದೆ. 1987ರ ಫೆಬ್ರವರಿಯ ಒಂದು ಸಂಜೆ, ಬದಿಯಡ್ಕಕ್ಕೆ ಸಮೀಪದ ಗದ್ದೆಯಲ್ಲಿ ರಂಗಸ್ಥಳಕ್ಕೆ ಮೈಕ್ ಕಟ್ಟಿ, ದನಿ ಸರಿಯಿದೆಯೇ ನೋಡೋಣವೆಂದು ಟೇಪ್ ರೆಕಾರ್ಡರ್ ಚಾಲು ಮಾಡಿ, ಜನರೇಟರಿನ ಬಳಿಗೆ ಹೋದವನು ಅದನ್ನು ನಿಲ್ಲಿಸಲು ಮರೆತೆ. ಅಷ್ಟರಲ್ಲಿ ಆ ಮೇಳದ ಹಿರಿಯ ಭಾಗವತರು ಮದ್ದಳೆಯವರೊಡನೆ ಬಂದು ಕುಳಿತರು. ಶ್ರುತಿಪೆಟ್ಟಿಗೆ ಹಿಡಿದ ಸದ್ದು, ಮದ್ದಳೆಯ ಬಾರು ಬಿಗಿಯುವ ಸದ್ದು, ಆಮೇಲೆ ಕರ್ಣಪರ್ವದ ಒಂದು ಪದ. ಮೊದಲು ಸಾವೇರಿಯಲ್ಲಿ ಎತ್ತಿಕೊಂಡು, ಎರಡು ಸಾಲಾದ ಮೇಲೆ ‘ಬೇಡ’ ಎಂದು ನಿಲ್ಲಿಸಿ, ಇನ್ನೊಂದು ರಾಗದಲ್ಲಿ ಮೆಲ್ಲನೆ, ತನಗೆ ತಾನೇ ಹೇಳಿಕೊಳ್ಳುವಂತೆ ಹಾಡುತ್ತಾರೆ. ನಡುವೆ ಒಂದು ಕೆಮ್ಮು, ಚಹಾದ ಗ್ಲಾಸು ಹಲಗೆಯ ಮೇಲೆ ಇಟ್ಟ ಸದ್ದು, ಮತ್ತೆ ಅದೇ ಸಾಲು. ಆ ರಾತ್ರಿ ಆಟದಲ್ಲಿ ಅವರು ಅದೇ ಪದವನ್ನು ಏರು ದನಿಯಲ್ಲಿ, ಚೆಂಡೆಯ ಅಬ್ಬರದ ನಡುವೆ, ಸಾವೇರಿಯಲ್ಲಿಯೇ ಹಾಡಿದರು. ಗದ್ದೆ ತುಂಬಿದ ಜನ ಕೇಳಿದ್ದು ಅದನ್ನು. ಮೆಲುದನಿಯ ಪದವನ್ನು ಕೇಳಿದ್ದು ನನ್ನ ಕ್ಯಾಸೆಟ್ ಒಂದೇ. ಭಾಗವತರು ತೀರಿಕೊಂಡು ಹಲವು ವರ್ಷಗಳಾದವು. ಕಳೆದ ವರ್ಷ ಅವರ ಮನೆಗೆ ಹೋಗಿ ಚಾವಡಿಯಲ್ಲಿ ಇದನ್ನು ಕೇಳಿಸಿ, ಇತರರಿಗೆ ಕೊಡಬಹುದೇ ಎಂದು ಅಪ್ಪಣೆ ಕೇಳಿದೆ. ಮೊಮ್ಮಗ ಒಪ್ಪಿದರು. ‘ಆದರೆ ಕೆಮ್ಮನ್ನು ತೆಗೆಯಬೇಡಿ, ಹಿಂದಿನಿಂದ ಏನನ್ನೂ ಸೇರಿಸಬೇಡಿ’ ಎಂದರು.

ಕಾರ್ಟರ್ ಕುಟುಂಬದ ದನಿ ಮೊದಲು ಮುದ್ರಣಗೊಂಡದ್ದು 1927ರ ಬೇಸಗೆಯಲ್ಲಿ, ಬ್ರಿಸ್ಟಲ್ ಎಂಬ ಗಡಿಯ ಊರಿನಲ್ಲಿ. ಆ ಊರಿನ ಮುಖ್ಯ ಬೀದಿಯ ಒಂದು ಮಗ್ಗುಲು ಟೆನೆಸಿ, ಇನ್ನೊಂದು ಮಗ್ಗುಲು ವರ್ಜೀನಿಯ. ರಾಲ್ಫ್ ಪಿಯರ್ ಎಂಬವರು ರೆಕಾರ್ಡ್ ಕಂಪೆನಿಯ ಧ್ವನಿಮುದ್ರಣ ಯಂತ್ರವನ್ನು ಅಲ್ಲಿಗೆ ಹೊತ್ತು ತಂದರೆಂದು ಬೆಟ್ಟದ ಹಾಡುಗಳು ಉಳಿದವು. 1956ರಲ್ಲಿ ರಾಜ್ಯಗಳ ಗಡಿಗೆರೆ ಎಳೆದ ಮೇಲೆ ಇತ್ತ ಕೇರಳದಲ್ಲಿ ಉಳಿದ ನಮ್ಮ ಕನ್ನಡದ ಮನೆಗಳಲ್ಲಿ ಯಂತ್ರಗಳಿಗೆ ಕೊರತೆಯಿರಲಿಲ್ಲ, ರೇಡಿಯೊ ಮತ್ತು ಟೇಪ್ ರೆಕಾರ್ಡರ್ ಒಂದಾಗಿರುವ ಗಲ್ಫಿನ ಟೂ-ಇನ್-ವನ್ ಇಲ್ಲದ ಊರಿರಲಿಲ್ಲ. ಮುದ್ರಿಸಿದ್ದನ್ನು ಒಟ್ಟುಮಾಡುವವರು ಮಾತ್ರ ಇನ್ನೂ ಬರಲಿಲ್ಲ.

ಹಾಗಾಗಿ ನಿಮ್ಮಲ್ಲಿ ಒಂದು ವಿನಂತಿ. ಮಳೆಗಾಲಕ್ಕೆ ಮೊದಲು ನಿಮ್ಮ ಕಾಸರಗೋಡು ಆವೃತ್ತಿಯಲ್ಲಿ ವಾರಕ್ಕೊಂದು ಅಂಕಣದಷ್ಟು ಜಾಗ ಮಾಡಿ, ಓದುಗರು ತಮ್ಮ ಮನೆಯಲ್ಲಿರುವ ಕ್ಯಾಸೆಟ್ಟುಗಳ ವಿವರವನ್ನು, ಅಂದರೆ ಯಾವ ಊರು, ಯಾವ ವರ್ಷ, ಯಾವ ಪ್ರಸಂಗ, ಯಾರ ದನಿ ಎಂಬುದನ್ನು, ಬರೆದು ಕಳುಹಿಸುವಂತೆ ಕೇಳಿಕೊಳ್ಳಿ. ಪ್ರಸಂಗವೇ ಆಗಬೇಕೆಂದಿಲ್ಲ, ಗದ್ದೆಯಲ್ಲಿ ನೇಜಿ ನೆಡುವಾಗ ಹೇಳಿದ ತುಳು ಪಾಡ್ದನವಿರಲಿ, ಅಜ್ಜಿಯ ಶೋಭಾನೆಯಿರಲಿ. ಬೂಷ್ಟು ಕಂಡ ಕ್ಯಾಸೆಟ್ಟನ್ನು ಯಾರೂ ನೇರವಾಗಿ ಯಂತ್ರಕ್ಕೆ ಹಾಕದಿರಲಿ ಎಂಬ ಸೂಚನೆಯನ್ನೂ ಜೊತೆಗೆ ಅಚ್ಚುಮಾಡಿ, ಏಕೆಂದರೆ ಒಂದರ ಬೂಷ್ಟು ಹೆಡ್ಡಿನ ಮೂಲಕ ಹತ್ತಕ್ಕೆ ಹಬ್ಬುತ್ತದೆ. ನನ್ನ ಪಟ್ಟಿಯನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಅದರ ಮೊದಲ ಸಾಲು: 1987, ಫೆಬ್ರವರಿ, ಸಿ-60, ಕರ್ಣಪರ್ವದ ಒಂದು ಪದ, ಎರಡು ರಾಗಗಳಲ್ಲಿ, ಕ್ಯಾಸೆಟ್ಟಿನ ಮೇಲೆ ಬರೆದಿರುವುದು ‘ಟೆಸ್ಟಿಂಗ್’.

ಇತಿ ನಿಮ್ಮ ವಿಶ್ವಾಸಿ,
ಬದಿಯಡ್ಕದ ಒಬ್ಬ ಓದುಗ