ಇಂಪ್ಲಾಂಟ್ ಹಾಕಿದವರು ಒಂದು ಕಾರ್ಡನ್ನೂ ಕೊಡಲಿ

ಮಾನ್ಯ ಸಂಪಾದಕರೇ,

‘ಒಂದೇ ದಿನದಲ್ಲಿ ಹೊಸ ಹಲ್ಲು, ಜೀವನಪೂರ್ತಿ ಗ್ಯಾರಂಟಿ’ ಎನ್ನುವಂಥ ಜಾಹೀರಾತುಗಳು ಈಚೆಗೆ ನಿಮ್ಮ ಪತ್ರಿಕೆಯಲ್ಲೂ ಜಾಸ್ತಿ ಕಾಣಿಸುತ್ತಿವೆ. ಹಲ್ಲು ಹೋದ ಜಾಗದಲ್ಲಿ ದವಡೆಯ ಮೂಳೆಯೊಳಗೆ ಕೂರಿಸುವ ಲೋಹದ ಬೇರು, ಅಂದರೆ ಇಂಪ್ಲಾಂಟ್, ಬೇಡ ಎನ್ನುವವಳು ನಾನಲ್ಲ. ನಮ್ಮ ಮನೆಯಲ್ಲೇ ಹಾಕಿಸಿಕೊಂಡವರಿದ್ದಾರೆ, ಚಕ್ಕುಲಿಯನ್ನೂ ಕಡಿಯುತ್ತಾರೆ. ಆದರೆ ಅದನ್ನು ಹಾಕಿಸಿಕೊಂಡವರ ಕೈಗೆ ಸಿಗಲೇಬೇಕಾದ, ಅದರ ವಿವರ ಬರೆದ ಒಂದು ಸಣ್ಣ ಕಾರ್ಡ್ ಎಷ್ಟೋ ಜನರಿಗೆ ಸಿಗುತ್ತಿಲ್ಲ. ಈ ಪತ್ರ ಅದಕ್ಕಾಗಿ.

ನಮ್ಮ ಭಾವನವರ ಕೆಳದವಡೆಯ ಇಂಪ್ಲಾಂಟ್ ಹಲ್ಲು ಕೆಲವು ವರ್ಷಗಳ ನಂತರ ಅಲುಗಾಡತೊಡಗಿತು. ಹಾಕಿದ ಕ್ಲಿನಿಕ್ ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಬೇರೆ ಡಾಕ್ಟರ್ ಎಕ್ಸ್‌ರೇ ತೆಗೆದು ನೋಡಿ, ‘ಮೂಳೆಯೊಳಗಿನ ಇಂಪ್ಲಾಂಟ್ ಗಟ್ಟಿಯಾಗಿದೆ, ಮೇಲಿನ ಸಣ್ಣ ಸ್ಕ್ರೂ ಸಡಿಲವಾಗಿದೆ, ಅಷ್ಟೇ. ಯಾವ ಕಂಪನಿಯದು ಹೇಳಿ’ ಎಂದರು. ಯಾರಿಗೆ ಗೊತ್ತು! ಬಿಲ್ಲಿನಲ್ಲಿ ‘ಇಂಪ್ಲಾಂಟ್ – 1’ ಅಂತ ಮಾತ್ರ ಇತ್ತು. ಒಂದು ಕಂಪನಿಯ ಸ್ಕ್ರೂ ಸಾಮಾನ್ಯವಾಗಿ ಇನ್ನೊಂದರದ್ದಕ್ಕೆ ಕೂರುವುದಿಲ್ಲ. ಬಿಗಿ ಮಾಡುವ ಡ್ರೈವರಿನ ತುದಿಯೂ ಎಷ್ಟೋ ಸಲ ಬೇರೆ ಬೇರೆ. ಎಕ್ಸ್‌ರೇ ನೋಡಿ ಊಹಿಸುತ್ತಾ, ಪರಿಚಯದ ಡಾಕ್ಟರುಗಳನ್ನು ಕೇಳುತ್ತಾ, ಕೂತಲ್ಲೇ ಮುಗಿಯಬೇಕಿದ್ದ ಕೆಲಸ ವಾರಗಟ್ಟಲೆ ಎಳೆಯಿತು.

ಇದನ್ನು ತಪ್ಪಿಸಲು ಖರ್ಚೇನೂ ಇಲ್ಲ. ಒಳ್ಳೆಯ ಕಂಪನಿಗಳ ಇಂಪ್ಲಾಂಟ್ ಡಬ್ಬಿಯಲ್ಲೇ ಬಿಡಿಸಿ ಅಂಟಿಸುವ ಸ್ಟಿಕ್ಕರ್ ಇರುತ್ತದೆ. ಕಂಪನಿ, ಮಾದರಿ, ದಪ್ಪ ಮತ್ತು ಉದ್ದ ಎಷ್ಟು ಮಿಲಿಮೀಟರ್, ಲಾಟ್ ನಂಬರ್ ಎಲ್ಲವೂ ಅದರಲ್ಲೇ ಇರುತ್ತವೆ. ಅದನ್ನು ಒಂದು ಕಾರ್ಡಿಗೆ ಅಂಟಿಸಿ, ಯಾವ ಹಲ್ಲು, ಯಾವ ದಿನ ಹಾಕಿದ್ದು, ಮೇಲಿನ ಕ್ಯಾಪ್ (ಹೊರಗೆ ಕಾಣುವ ಹಲ್ಲು) ಸ್ಕ್ರೂನಲ್ಲಿ ನಿಂತಿದೆಯೋ ಸಿಮೆಂಟಿನಲ್ಲೋ ಎಂದು ಬರೆದುಕೊಟ್ಟರೆ ಮುಗಿಯಿತು. ಮಿಕ್ಸರ್ ಕೊಂಡರೂ ವಾರಂಟಿ ಕಾರ್ಡ್ ಕೊಡುತ್ತಾರೆ, ಅಲ್ವಾ? ಇದು ಬಾಯಲ್ಲಿ ಇಪ್ಪತ್ತು ಮೂವತ್ತು ವರ್ಷ ಇರಬೇಕಾದ ವಸ್ತು. ಹೆಚ್ಚಿನ ಆರೋಗ್ಯ ವಿಮೆಗಳು ಅಪಘಾತದ ಹೊರತು ಹಲ್ಲಿನ ಖರ್ಚು ಕೊಡುವುದಿಲ್ಲ. ಜನ ಕೈಯಿಂದಲೇ ದುಡ್ಡು ಕಟ್ಟುವಾಗ ಇಂಪ್ಲಾಂಟ್, ಅದಕ್ಕೆ ಕ್ಯಾಪನ್ನು ಜೋಡಿಸುವ ನಡುವಿನ ತುಂಡು, ಕ್ಯಾಪ್ ಮೂರನ್ನೂ ಬಿಲ್ಲಿನಲ್ಲಿ ಬೇರೆ ಬೇರೆ ತೋರಿಸಲು ಏನು ಕಷ್ಟ?

‘ಒಂದೇ ದಿನ’ ಎನ್ನುವುದು ಪೂರ್ತಿ ಸುಳ್ಳೂ ಅಲ್ಲ. ಮೂಳೆ ಗಟ್ಟಿಯಿದ್ದು ಇಂಪ್ಲಾಂಟ್ ಬಿಗಿಯಾಗಿ ಕೂತರೆ ಅವತ್ತೇ ತಾತ್ಕಾಲಿಕ ಹಲ್ಲು ಕೂರಿಸುವುದುಂಟು. ಆದರೆ ಇಂಪ್ಲಾಂಟಿನ ಟೈಟಾನಿಯಂ ಲೋಹಕ್ಕೆ ಮೂಳೆ ಹಿಡಿಯಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಕಾಯಂ ಹಲ್ಲು ಬರುವುದು ಆಮೇಲೆ. ಮೂಳೆ ಟೈಟಾನಿಯಂ ಜತೆ ಹೀಗೆ ಬೆಸೆದುಕೊಳ್ಳುತ್ತದೆ ಎಂಬುದನ್ನು ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ಗಮನಿಸಿದರು. 1965ರಲ್ಲಿ ಅವರು ಇಂಪ್ಲಾಂಟ್ ಹಾಕಿದ ಮೊದಲ ರೋಗಿಗೆ ಅದು ನಲವತ್ತು ವರ್ಷ, ಸಾಯುವವರೆಗೂ ಬಾಳಿಕೆ ಬಂತು. ಹಾಗಾಗಿ ‘ಜೀವನಪೂರ್ತಿ’ ಎನ್ನುವುದು ಆಗದ ಮಾತಲ್ಲ. ಅದಕ್ಕೆ ಮುಂಚೆ ಮತ್ತು ನಂತರ ಏನು ಮಾಡಬೇಕು ಎಂಬುದನ್ನು ಮಾತ್ರ ಜಾಹೀರಾತು ನುಂಗಿಬಿಡುತ್ತದೆ.

ಮುಂಚೆ ಮಾಡಬೇಕಾದ್ದರಲ್ಲಿ ಸ್ಕ್ಯಾನಿನ ವಿಷಯ ಎಲ್ಲರಿಗೂ ಗೊತ್ತು. ಹಲ್ಲು ಕಿತ್ತ ಜಾಗದಲ್ಲಿ ಮೂಳೆ ಕರಗುತ್ತಾ ಹೋಗುತ್ತದೆ. ಎಷ್ಟು ಉಳಿದಿದೆ, ನರ ಎಲ್ಲಿದೆ ಎಂದು ನೋಡಲೇಬೇಕು. ಜನ ಹೇಳದೆ ಬಿಡುವುದು ಮಾತ್ರೆಗಳ ವಿಷಯ. ಮೂಳೆ ಸವೆತಕ್ಕೆಂದು ವಾರಕ್ಕೊಂದು ಅಲೆಂಡ್ರೊನೇಟ್ ನುಂಗುವ, ಇಲ್ಲವೇ ವರ್ಷಕ್ಕೊಮ್ಮೆ ಝೊಲೆಡ್ರೊನಿಕ್ ಇಂಜೆಕ್ಷನ್ ತೆಗೆದುಕೊಳ್ಳುವ ಹೆಂಗಸರು ನಮ್ಮ ಬೀದಿಯಲ್ಲೇ ಇದ್ದಾರೆ. ‘ಹಲ್ಲಿನ ಡಾಕ್ಟರಿಗೆ ಅದೆಲ್ಲ ಯಾಕೆ’ ಎನ್ನುತ್ತಾರೆ. ಯಾಕೆಂದರೆ ಈ ಔಷಧಿಗಳಿದ್ದಾಗ ದವಡೆಗೆ ಕೈ ಹಾಕಿದರೆ, ಅಪರೂಪಕ್ಕಾದರೂ ಗಾಯ ಮಾಯದೆ ಮೂಳೆಯೇ ಸಾಯುವ ಅಪಾಯವಿದೆ. ರಕ್ತ ತೆಳು ಮಾಡುವ ಮಾತ್ರೆಯದ್ದು ಇದರ ಉಲ್ಟಾ ಕಥೆ. ಕೆಲವರು ಯಾರನ್ನೂ ಕೇಳದೆ ಅದನ್ನು ನಿಲ್ಲಿಸಿ ಹೋಗುತ್ತಾರೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹೀಗೆ ಮಾಡಿದರೆ ಜೀವಕ್ಕೇ ಕುತ್ತು. ಸಕ್ಕರೆ ಕಾಯಿಲೆ ಇದ್ದವರಿಗೆ ಬೆಳಗಿನ ಒಂದು ರಕ್ತ ಪರೀಕ್ಷೆ ಸಾಲದು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಬೇಕು.

ನಮ್ಮ ಮಲೆನಾಡಿನವರಿಗೆ ಇನ್ನೊಂದು ಮಾತು. ಕವಳದ (ಎಲೆ ಅಡಿಕೆ ಹಾಕುವ) ಅಭ್ಯಾಸ ಮುಚ್ಚಿಡಬೇಡಿ. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಭಾಗ ಬಿಗಿದುಕೊಂಡು ಬಾಯಿ ಸರಿಯಾಗಿ ತೆರೆಯದವರಿದ್ದಾರೆ. ಹಿಂದಿನ ಹಲ್ಲಿನ ಜಾಗಕ್ಕೆ ಡ್ರಿಲ್ ಹೋಗಬೇಕಲ್ಲ! ಕವಳದ ಜತೆಗೆ ತಂಬಾಕು ಹಾಕುವವರು, ಬೀಡಿ ಸಿಗರೇಟು ಸೇದುವವರಲ್ಲಿ ಇಂಪ್ಲಾಂಟ್ ಸೋಲುವುದೂ ಜಾಸ್ತಿ. ಅಡಿಕೆ ಬೆಳೆಯುವ ಊರಿನಲ್ಲಿ ಕೂತು ಇದನ್ನು ಬರೆಯುವುದು ಸ್ವಲ್ಪ ಮುಜುಗರ, ಆದರೂ ಹೇಳಬೇಕು.

ಹಾಕಿಸಿಕೊಂಡ ದಿನ ಮಂಜುಗಡ್ಡೆ ಇಡುವುದು, ಮೆತ್ತಗಿನ ಅನ್ನ ಉಣ್ಣುವುದು, ಜೋರಾಗಿ ಉಗುಳದಿರುವುದು ಇವನ್ನೆಲ್ಲ ಡಾಕ್ಟರೇ ಹೇಳಿ ಕಳಿಸುತ್ತಾರೆ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶನ್ನು ಹೇಳಿದಷ್ಟು ದಿನ ಮಾತ್ರ ಬಳಸಿ. ತಿಂಗಳುಗಟ್ಟಲೆ ಮುಂದುವರಿಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ.

ನಿಜವಾದ ಸಮಸ್ಯೆ ವರ್ಷಗಳು ಕಳೆದ ಮೇಲಿನದು. ‘ಲೋಹಕ್ಕೆ ಹುಳುಕು ಹಿಡಿಯುತ್ತಾ?’ ಎಂದು ಜನ ಆರಾಮಾಗಿರುತ್ತಾರೆ. ಹುಳುಕು ಹಿಡಿಯುವುದಿಲ್ಲ, ಸರಿ. ಆದರೆ ಸ್ವಚ್ಛವಾಗಿ ಇಟ್ಟುಕೊಳ್ಳದಿದ್ದರೆ ಸುತ್ತಲಿನ ವಸಡು ಊದಿಕೊಳ್ಳುತ್ತದೆ, ಒಳಗೆ ಮೂಳೆ ಕರಗಲು ಶುರುವಾಗುತ್ತದೆ. ಇಂಪ್ಲಾಂಟಿಗೆ ನರವಿಲ್ಲ, ನಿಜ ಹಲ್ಲನ್ನು ಮೂಳೆಗೆ ಕಟ್ಟಿ ಹಿಡಿಯುವ ನಾರುಗಳೂ ಇಲ್ಲ. ಹಾಗಾಗಿ ತುಂಬಾ ದಿನ ನೋವೇ ಗೊತ್ತಾಗುವುದಿಲ್ಲ. ಬ್ರಷ್ ಮಾಡುವಾಗ ರಕ್ತ ಬಂದರೆ ನೋವಿಗೆ ಕಾಯದೆ ತೋರಿಸಬೇಕು. ಊತ ವಸಡಿನಲ್ಲಷ್ಟೇ ಇದ್ದಾಗ ಕ್ಲೀನ್ ಮಾಡಿಸಿದರೆ ಸರಿಹೋಗುತ್ತದೆ. ಮೂಳೆಗೆ ಇಳಿದ ಮೇಲೆ ಕಷ್ಟ. ಹಲ್ಲಿನ ಸಂದಿಗೆ ಬೆಂಕಿಕಡ್ಡಿ ಬೇಡ. ಮೆಡಿಕಲ್ ಶಾಪಿನಲ್ಲಿ ಸಣ್ಣ ಇಂಟರ್‌ಡೆಂಟಲ್ ಬ್ರಷ್ ಸಿಗುತ್ತದೆ, ತಂತಿಗೆ ಪ್ಲಾಸ್ಟಿಕ್ ಹೊದಿಸಿರುವಂಥದ್ದು ತೆಗೆದುಕೊಳ್ಳಿ. ಮೊದಲೇ ವಸಡಿನ ಕಾಯಿಲೆಯಿಂದ ಹಲ್ಲು ಕಳೆದುಕೊಂಡವರಂತೂ ಚೆಕಪ್ ತಪ್ಪಿಸಲೇಬಾರದು.

ಕಾರ್ಡ್ ಕೊಡುವುದನ್ನು ಕಡ್ಡಾಯ ಮಾಡುವಂತೆ ನಿಮ್ಮ ವರದಿಗಾರರು ದಂತ ವೈದ್ಯರ ಸಂಘಗಳನ್ನೂ ಆರೋಗ್ಯ ಇಲಾಖೆಯನ್ನೂ ಕೇಳಲಿ. ನಿಮ್ಮ ಜಾಹೀರಾತು ವಿಭಾಗದವರೂ ‘ಜೀವನಪೂರ್ತಿ ಗ್ಯಾರಂಟಿ’ ಎಂದು ಅಚ್ಚು ಹಾಕುವ ಮುನ್ನ ಎರಡು ಪ್ರಶ್ನೆ ಕೇಳಲಿ. ಗ್ಯಾರಂಟಿ ಇಂಪ್ಲಾಂಟಿಗೆ ಮಾತ್ರವೋ, ಕ್ಯಾಪಿಗೂ ಉಂಟೋ? ಕ್ಲಿನಿಕ್ ಮುಚ್ಚಿದರೆ ಅದನ್ನು ಕೊಡುವವರು ಯಾರು?

– ನಿವೃತ್ತ ಶಿಕ್ಷಕಿ, ಸಾಗರ