ಸಪ್ತಾಪುರದ ವಸತಿ ಓಣಿಗಳಿಗೆ ಬಾರ್ ತರಬೇಡಿ: ಮಹಾನಗರ ಪಾಲಿಕೆಗೆ ನಿವಾಸಿಗಳ ಮನವಿ

ಧಾರವಾಡ
ದಿನಾಂಕ: 10-6-2024

ಗೆ,
ಮಾನ್ಯ ಆಯುಕ್ತರು, ಮಾನ್ಯ ಮಹಾಪೌರರು ಹಾಗೂ ಎಲ್ಲ ಸದಸ್ಯರು,
ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ.

ವಿಷಯ: ಸಪ್ತಾಪುರ ಭಾಗದಲ್ಲಿ ಮದ್ಯ ಮಾರುವ ಹೋಟೆಲ್, ಬಾರ್‌ಗಳಿಗೆ ಉದ್ದಿಮೆ ಪರವಾನಗಿ ಅಥವಾ ನಿರಾಕ್ಷೇಪಣಾ ಪತ್ರ ಕೊಡುವ ಮೊದಲು ನಿವಾಸಿಗಳ ತಕರಾರು ಕೇಳುವ ಬಗ್ಗೆ.

ಮಾನ್ಯರೇ,

ಸಪ್ತಾಪುರ ಮತ್ತು ಅದರ ಆಸುಪಾಸಿನ ಒಳರಸ್ತೆಗಳಲ್ಲಿ ವಾಸಿಸುವ ನಾವು ಈ ಮನವಿಗೆ ಸಹಿ ಮಾಡಿದ್ದೇವೆ. ನಮ್ಮಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ಪಿಜಿ ನಡೆಸುವ ಮನೆ ಮಾಲೀಕರಿದ್ದಾರೆ, ಮೆಸ್ ನಡೆಸುವ ಹೆಣ್ಣುಮಕ್ಕಳಿದ್ದಾರೆ, ಬಾಡಿಗೆ ಕೋಣೆಯಲ್ಲಿದ್ದು ಪರೀಕ್ಷೆಗೆ ಓದುತ್ತಿರುವ ಹುಡುಗ-ಹುಡುಗಿಯರೂ ಇದ್ದಾರೆ. ನಮ್ಮ ಓಣಿಯ ಒಂದು ಕಟ್ಟಡದ ನೆಲಮಹಡಿಯಲ್ಲಿ ಫ್ಯಾಮಿಲಿ ರೆಸ್ಟೋರೆಂಟ್ ಎಂದು ಹೇಳಿ ಕೆಲಸ ಶುರುವಾಯಿತು. ಅದು ಬಾರ್ ಆಗಲಿದೆ, ಬೇರೆ ಕಡೆಯ ಮದ್ಯ ಮಾರಾಟದ ಸನ್ನದನ್ನು (ಲೈಸೆನ್ಸ್) ಇಲ್ಲಿಗೆ ತರುತ್ತಾರೆ ಎಂಬುದು ನಮಗೆ ಗೊತ್ತಾದದ್ದು ಒಳಗೆ ಕೌಂಟರ್ ಕಟ್ಟುತ್ತಿದ್ದ ಗೌಂಡಿಗಳಿಂದ. ಒಂದು ನೋಟಿಸು ಗೋಡೆಗೆ ಹತ್ತಲಿಲ್ಲ. ವಿಚಾರಿಸಲು ಹೋದರೆ ಒಂದು ಕಚೇರಿಯವರು ಇನ್ನೊಂದು ಕಚೇರಿಯ ಕಡೆ ಕೈ ತೋರಿಸಿದರು. ಅಬಕಾರಿ ವರ್ಷ ಜೂನ್ 30ಕ್ಕೆ ಮುಗಿದು ಜುಲೈ 1ಕ್ಕೆ ಹೊಸದು ಶುರುವಾಗುತ್ತದೆ. ಹಾಗಾಗಿ ನವೀಕರಣ, ಸ್ಥಳಾಂತರದ ಕಡತಗಳು ಓಡಾಡುವ ಈ ದಿನಗಳಲ್ಲೇ ತಮ್ಮ ಮುಂದೆ ಬಂದಿದ್ದೇವೆ. ಅಂಗಡಿ ತೆರೆದು, ಬೋರ್ಡು ಬೆಳಗಿದ ಮೇಲೆ ಧರಣಿ ಕೂತು ಮುಚ್ಚಿಸುವುದು ಎಷ್ಟು ಕಷ್ಟ ಎಂಬುದು ಈ ಊರಿನವರಿಗೆಲ್ಲ ಗೊತ್ತು.

ಸಪ್ತಾಪುರ ಎಂಥ ಜಾಗ ಎಂದು ತಮಗೆ ಹೇಳಬೇಕಾಗಿಲ್ಲ. ಆದರೂ ಕಡತದಲ್ಲಿ ದಾಖಲಾಗಲಿ ಎಂದು ಬರೆಯುತ್ತಿದ್ದೇವೆ. ರಾಯಚೂರು, ಕೊಪ್ಪಳ, ವಿಜಯಪುರ, ಕಲಬುರಗಿ, ಬಾಗಲಕೋಟೆ, ಗದಗ, ಹಾವೇರಿಯ ಹಳ್ಳಿಗಳಿಂದ ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ, ಶಿಕ್ಷಕರ ನೇಮಕಾತಿ ಎಂದು ಓದಲು ಬರುವವರು ಬಸ್ ಇಳಿದು ಮೊದಲು ಕೇಳುವುದೇ ಸಪ್ತಾಪುರ ಎಲ್ಲಿ ಅಂತ. ಇಲ್ಲಿಯ ಒಂದೊಂದು ಓಣಿಯಲ್ಲೂ ತರಬೇತಿ ಕೇಂದ್ರ, ಅದರ ಮೇಲೊಂದು ವಾಚನಾಲಯ, ಪಕ್ಕದಲ್ಲಿ ಜೆರಾಕ್ಸ್ ಅಂಗಡಿ, ಎದುರಿಗೆ ಜೋಳದ ರೊಟ್ಟಿಯ ಮೆಸ್. ಬೆಳಿಗ್ಗೆ ಐದಕ್ಕೇ ವಾಚನಾಲಯದ ಬಾಗಿಲು ತೆರೆಯುತ್ತದೆ, ರಾತ್ರಿ ಹನ್ನೊಂದರ ಮೇಲೂ ಹುಡುಗಿಯರು ಪುಸ್ತಕ ಎದೆಗೊತ್ತಿಕೊಂಡು ಪಿಜಿಗೆ ನಡೆದು ಹೋಗುತ್ತಾರೆ. ಹಾಗೆ ನಿರ್ಭಯವಾಗಿ ನಡೆದು ಹೋಗಬಹುದು ಎಂಬ ನಂಬಿಕೆಯ ಮೇಲೆಯೇ ಹೊಲ ಒತ್ತೆ ಇಟ್ಟು ದುಡ್ಡು ಕಳಿಸುವ ತಂದೆ-ತಾಯಿ ಮಕ್ಕಳನ್ನು ಇಲ್ಲಿ ಬಿಟ್ಟಿದ್ದಾರೆ. ಕೋಣೆ ನೋಡಲು ಬಂದ ತಂದೆಯೊಬ್ಬರು ನಮ್ಮಲ್ಲೊಬ್ಬರಿಗೆ ಕೇಳಿದ್ದು ಬಾಡಿಗೆ ಎಷ್ಟು ಅಂತ ಅಲ್ಲ. "ಸುತ್ತಮುತ್ತ ಕುಡುಕರ ಕಾಟ ಏನ್ ಇಲ್ಲಲ್ರಿ ಅಕ್ಕಾರ?" ಎಂದು ಕೇಳಿದರು. ಜುಲೈ ಆದ ಮೇಲೆ ಇದೇ ಪ್ರಶ್ನೆ ಬಂದರೆ ಏನು ಹೇಳಬೇಕು ಎಂದು ಮನೆ ಮಾಲೀಕರು ಕೇಳುತ್ತಿದ್ದಾರೆ.

ಈಗ ಕಾನೂನಿನ ಮಾತು. 1967ರ ಕರ್ನಾಟಕ ಅಬಕಾರಿ ಸನ್ನದುಗಳ (ಸಾಮಾನ್ಯ ಷರತ್ತುಗಳು) ನಿಯಮಗಳ 5ನೇ ನಿಯಮದ ಪ್ರಕಾರ ಧಾರ್ಮಿಕ ಸಂಸ್ಥೆ, ಶಿಕ್ಷಣ ಸಂಸ್ಥೆ, ಆಸ್ಪತ್ರೆ, ಸರ್ಕಾರಿ ಕಚೇರಿಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಸನ್ನದು ಕೊಡುವಂತಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಆ ಪಟ್ಟಿಯಲ್ಲಿ ಪಿಜಿಯ ಹೆಸರಿಲ್ಲ, ವಾಚನಾಲಯದ ಹೆಸರಿಲ್ಲ, ತರಬೇತಿ ಕೇಂದ್ರದ ಹೆಸರೂ ಇಲ್ಲ. ಅಂದರೆ ಸಪ್ತಾಪುರವನ್ನು ಸಪ್ತಾಪುರ ಮಾಡಿದ ಯಾವುದೂ ಅಳತೆಗೆ ಸಿಗುವುದಿಲ್ಲ. ಇನ್ನೊಂದು ತೊಡಕು ಅಳೆಯುವ ರೀತಿಯದು. ಅಂಗಡಿಯ ಬಾಗಿಲಿನಿಂದ ಸಂಸ್ಥೆಯ ಗೇಟಿನವರೆಗೆ, ಜನ ನಡೆದು ಹೋಗುವ ದಾರಿಯಲ್ಲಿ ಅಳೆಯಬೇಕು ಎಂಬುದು ನಿಯಮ. ಗೋಡೆಗೆ ಗೋಡೆ ತಾಗಿದ್ದರೂ ಬಾಗಿಲನ್ನು ಹಿಂದಿನ ಓಣಿಗೆ ತಿರುಗಿಸಿದರೆ ನೂರು ಮೀಟರ್ ದಾಟಿಬಿಡಬಹುದು! ನಾವು ಹೇಳುತ್ತಿರುವ ಕಟ್ಟಡದಲ್ಲೂ ಮುಂಬಾಗಿಲಿಗೆ ಇಟ್ಟಿಗೆ ಕಟ್ಟಿ ಪಕ್ಕದ ಸಂದಿಗೆ ಹೊಸ ಬಾಗಿಲು ಒಡೆದಿದ್ದಾರೆ. ಯಾಕೆ ಒಡೆದರು ಎಂದು ನಾವು ತೀರ್ಪು ಕೊಡುವುದಿಲ್ಲ. ಮಂಜೂರಾದ ನಕ್ಷೆಯಲ್ಲಿ ಆ ಬಾಗಿಲು ಇದೆಯೇ ಎಂದು ಪಾಲಿಕೆಯ ಎಂಜಿನಿಯರರು ಬಂದು ನೋಡಲಿ.

ರಾಜ್ಯದಲ್ಲಿ 1992ರಿಂದ ಹೊಸ ಸಿಎಲ್-2 (ಬಾಟಲಿ ಮಾರುವ ಅಂಗಡಿ) ಮತ್ತು ಸಿಎಲ್-9 (ಬಾರ್) ಸನ್ನದು ಕೊಡುವುದನ್ನು ಸರ್ಕಾರ ನಿಲ್ಲಿಸಿದೆ ಎಂದು ಹಲವರು ಸಮಾಧಾನ ಹೇಳುತ್ತಾರೆ. ಸಂಖ್ಯೆ ಹೆಚ್ಚದಿದ್ದರೂ ಜಾಗ ಬದಲಾಗುತ್ತದೆ. ಹಳೆಯ ಪೇಟೆಯಲ್ಲಿ ವ್ಯಾಪಾರ ಇಳಿದ ಸನ್ನದು ಹುಡುಗರು ತುಂಬಿರುವ ಬಡಾವಣೆಗೆ ಬಂದರೆ ಅಲ್ಲಿನವರಿಗೆ ಅದು ಹೊಸ ಬಾರೇ. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿ ಬದಿಯ ಮದ್ಯದಂಗಡಿಗಳನ್ನು 500 ಮೀಟರ್ ದೂರ ಸರಿಸಲು ಹೇಳಿದಾಗ ಏನಾಯಿತು ಎಂಬುದು ನೆನಪಿರಲಿ. ಅಂಗಡಿಗಳು ವಸತಿ ಬಡಾವಣೆಗಳ ಕಡೆ ಮುಖ ಮಾಡಿದವು, ಹಲವು ಊರುಗಳಲ್ಲಿ ಹೆಣ್ಣುಮಕ್ಕಳು ಬೀದಿಗಿಳಿದರು. ನಗರ ವ್ಯಾಪ್ತಿಗೆ ಆ ಆದೇಶ ಅಡ್ಡಿಯಾಗದು ಎಂಬ ಸ್ಪಷ್ಟನೆ 2017ರ ಜುಲೈನಲ್ಲಿ ಬಂದಾಗ, ಒಳಗೆ ಬಂದದ್ದೆಲ್ಲ ಹೊರಗೆ ಹೋಗಲಿಲ್ಲ.

ಸನ್ನದು ಕೊಡುವುದು ಅಬಕಾರಿ ಇಲಾಖೆ, ಪಾಲಿಕೆಗೆ ಏನು ಸಂಬಂಧ ಎಂಬ ಉತ್ತರ ಬರಬಹುದು. ಸಂಬಂಧ ಇದೆ ಎಂದು ನಾವು ಖಚಿತವಾಗಿ ಹೇಳುತ್ತೇವೆ. ಊಟ-ತಿಂಡಿ ಮಾರುವ ಜಾಗಕ್ಕೆ ಉದ್ದಿಮೆ ಪರವಾನಗಿ ಕೊಡುವುದು ಪಾಲಿಕೆ. ವಾಸಕ್ಕೆಂದು ಮಂಜೂರಾದ ಕಟ್ಟಡವನ್ನು ವಾಣಿಜ್ಯಕ್ಕೆ ಬಳಸಿದರೆ ಕೇಳಬೇಕಾದದ್ದು ಪಾಲಿಕೆ. ಪಾರ್ಕಿಂಗ್ ಎಂದು ನಕ್ಷೆಯಲ್ಲಿ ತೋರಿಸಿದ ನೆಲಮಾಳಿಗೆಯಲ್ಲಿ ಟೇಬಲ್ ಹಾಕಿದರೆ ತೆರವು ಮಾಡಿಸಬೇಕಾದದ್ದು ಪಾಲಿಕೆ. ಅಬಕಾರಿ ಆದಾಯವೇನೋ ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. ಮರುದಿನ ನಸುಕಿನಲ್ಲಿ ಚರಂಡಿಯೊಳಗಿನ ಒಡೆದ ಬಾಟಲಿ, ಟೆಟ್ರಾ ಪ್ಯಾಕ್, ಪ್ಲಾಸ್ಟಿಕ್ ಗ್ಲಾಸು ಎತ್ತುವವರು ಪಾಲಿಕೆಯ ಪೌರಕಾರ್ಮಿಕರು. ನಮ್ಮ ಓಣಿ ಗುಡಿಸುವ ತಾಯಿಯ ಅಂಗೈಗೆ ಗಾಜು ಹೊಕ್ಕು, ಬಟ್ಟೆ ಸುತ್ತಿಕೊಂಡೇ ಅವರು ಕೆಲಸ ಮುಗಿಸಿದ್ದನ್ನು ನಾವು ನೋಡಿದ್ದೇವೆ. ಅವರ ಮಾತನ್ನೂ ಈ ಮನವಿಯ ಜೊತೆ ಸೇರಿಸಿಕೊಳ್ಳಿ.

ಇದರ ಜೊತೆಗೇ ಸನ್ನದು ಇಲ್ಲದ ಕುಡಿತದ ವಿಷಯವೂ ಇದೆ. ಸಿಎಲ್-2 ಅಂಗಡಿಯಲ್ಲಿ ಸೀಲ್ ಮಾಡಿದ ಬಾಟಲಿ ಕೊಡಬೇಕೇ ಹೊರತು ಅಲ್ಲೇ ಕೂರಿಸಿ ಕುಡಿಸುವಂತಿಲ್ಲ. ಹಾಗಾಗಿ ಬಾಟಲಿ ಕೊಂಡವರು ಸುತ್ತಲಿನ ಎಗ್ ರೈಸ್ ಗಾಡಿ, ಚಿಕ್ಕ ಖಾನಾವಳಿ, ಖಾಲಿ ಸೈಟು ಹುಡುಕುತ್ತಾರೆ. ಗಾಡಿಯವರು ಬಡವರು, ಬೇಡ ಎಂದರೆ ಗಿರಾಕಿ ಹೋಗುತ್ತಾನೆ ಎಂಬ ಅಂಜಿಕೆ ಅವರಿಗೆ. ಅವರ ಹೊಟ್ಟೆಯ ಮೇಲೆ ಹೊಡೆಯಿರಿ ಎಂದು ನಾವು ಹೇಳುವುದಿಲ್ಲ. ಸಂಜೆ ಏಳರಿಂದ ಹತ್ತರವರೆಗೆ ಪೊಲೀಸ್ ಬೀಟು ಬರಲಿ, ಖಾಲಿ ಸೈಟುಗಳ ಮಾಲೀಕರಿಗೆ ತಂತಿಬೇಲಿ ಹಾಕಲು ಪಾಲಿಕೆ ನೋಟಿಸು ಕೊಡಲಿ, ಕೆಟ್ಟ ಬೀದಿದೀಪ ಬೆಳಗಲಿ. ಅರ್ಧ ತೊಂದರೆ ಅಲ್ಲಿಗೇ ಇಳಿಯುತ್ತದೆ.

ಸದ್ದಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಮಿತಿ ಇದೆ. ಎರಡು ಮನೆಗಳ ನಡುವೆ ಕೈ ಚಾಚಿದರೆ ಗೋಡೆ ಸಿಗುವ ನಮ್ಮ ಓಣಿಯಲ್ಲಿ ಬಾರ್ ನಡೆಸುತ್ತ ಈ ಮಿತಿ ಪಾಲಿಸುವುದು ಆಗದ ಮಾತು. ಅದರ ಮೇಲೆ, ಬೆಂಗಳೂರಿನ ಜೊತೆಗೆ ಇತರ 10 ಮಹಾನಗರ ಪಾಲಿಕೆಗಳಲ್ಲೂ ವ್ಯಾಪಾರ-ವಹಿವಾಟಿಗೆ ರಾತ್ರಿ 1 ಗಂಟೆವರೆಗೆ ಅವಕಾಶ ಕೊಡುವುದಾಗಿ 2024-25ರ ರಾಜ್ಯ ಬಜೆಟ್‌ನಲ್ಲಿ ಪ್ರಕಟಿಸಲಾಗಿದೆ. ನಮ್ಮ ಪಾಲಿಕೆಗೂ ಅದು ಬರುವುದಾದರೆ ಔಷಧ ಅಂಗಡಿ, ಚಹದಂಗಡಿ, ಊಟದ ಹೋಟೆಲಿಗೆ ಇರಲಿ, ಓದುವ ಹುಡುಗರಿಗೂ ಅನುಕೂಲ. ವಸತಿ ಓಣಿಯ ಬಾರ್‌ಗೆ ಮಾತ್ರ ಬೇಡ ಎಂದು ಪಾಲಿಕೆ ಈಗಲೇ ಸರ್ಕಾರಕ್ಕೆ ಬರೆಯಬೇಕು.

ನಾವು ಹೋಟೆಲ್ ವ್ಯಾಪಾರದ ವಿರೋಧಿಗಳಲ್ಲ. ನ್ಯಾಯವಾಗಿ ಸನ್ನದು ಪಡೆದು, ವಾಣಿಜ್ಯ ರಸ್ತೆಯಲ್ಲಿ ಶಿಸ್ತಿನಿಂದ ಬಾರ್ ನಡೆಸುವವರಿದ್ದಾರೆ, ಅಲ್ಲಿ ದುಡಿದು ಮನೆ ಸಾಗಿಸುವ ಅಡುಗೆಯವರು, ಸಪ್ಲಾಯರ್‌ಗಳಿದ್ದಾರೆ. ಅವರ ಕೆಲಸ ಕಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ ಎಂದು ನಮ್ಮ ರಾಜ್ಯದ್ದೇ ಆದ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದೆ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದ ನಾಡು ಇದು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರವೇ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಜುಲೈನಲ್ಲಿ ಇಲ್ಲಿ ಬಾರ್ ತೆರೆಸಿ ಆಗಸ್ಟ್‌ನಲ್ಲಿ ಇದೇ ಹುಡುಗರಿಂದ ಪ್ರತಿಜ್ಞೆ ಮಾಡಿಸುವುದು ನಮಗೆ ಸರಿ ಕಾಣುವುದಿಲ್ಲ.

ಆದ್ದರಿಂದ ನಮ್ಮ ಕೋರಿಕೆ ಹೀಗಿದೆ. ಮೇಲೆ ಹೇಳಿದ ಕಟ್ಟಡದ ನಕ್ಷೆ, ಬಳಕೆ, ಪಾರ್ಕಿಂಗ್ ಮತ್ತು ಬಾಗಿಲಿನ ಬಗ್ಗೆ ವಲಯ ಕಚೇರಿಯವರು ನಿವಾಸಿಗಳ ಸಮಕ್ಷಮ ಸ್ಥಳ ಪರಿಶೀಲನೆ ಮಾಡಿ, ಆ ವರದಿ ಬರುವವರೆಗೆ ಉದ್ದಿಮೆ ಪರವಾನಗಿಯಾಗಲಿ ನಿರಾಕ್ಷೇಪಣಾ ಪತ್ರವಾಗಲಿ ಕೊಡಬಾರದು. ಇನ್ನು ಮುಂದೆ ವಸತಿ ಬಡಾವಣೆಯಲ್ಲಿ ಮದ್ಯ ಮಾರುವ ಯಾವುದೇ ಹೋಟೆಲಿನ ಅರ್ಜಿ ಬಂದರೂ ಆ ಕಟ್ಟಡದ ಗೋಡೆಗೆ ಮತ್ತು ವಲಯ ಕಚೇರಿಯ ಫಲಕಕ್ಕೆ ಕನ್ನಡದಲ್ಲಿ ನೋಟಿಸು ಅಂಟಿಸಿ, 30 ದಿನ ತಕರಾರು ಸ್ವೀಕರಿಸಿ, ವಾರ್ಡಿನ ಜನರನ್ನು ಕರೆದು ಕೇಳಿದ ಮೇಲೆಯೇ ತೀರ್ಮಾನ ಆಗಬೇಕು. ಪಿಜಿ, ಹಾಸ್ಟೆಲ್, ವಾಚನಾಲಯ, ತರಬೇತಿ ಕೇಂದ್ರಗಳನ್ನೂ 100 ಮೀಟರ್ ಅಳತೆಗೆ ಸೇರಿಸುವಂತೆ ನಿಯಮ ತಿದ್ದಬೇಕೆಂದು ಮುಂದಿನ ಸಾಮಾನ್ಯ ಸಭೆಯಲ್ಲಿ ಠರಾವು ಪಾಸು ಮಾಡಿ ಸರ್ಕಾರಕ್ಕೆ ಕಳಿಸಬೇಕು. ಪಾಲಿಕೆಯ ಸ್ವಂತ ಮಳಿಗೆಗಳನ್ನು ಮದ್ಯದ ವ್ಯಾಪಾರಕ್ಕೆ ಬಾಡಿಗೆ ಕೊಡುವುದಿಲ್ಲ ಎಂಬ ಮಾತನ್ನೂ ಅದೇ ಠರಾವಿನಲ್ಲಿ ಸೇರಿಸಿದರೆ ನಾವು ಋಣಿಗಳು.

ಜೂನ್ 30ರೊಳಗೆ ಒಂದು ದಿನ ಗೊತ್ತು ಮಾಡಿ ಆಯುಕ್ತರು ಸಪ್ತಾಪುರಕ್ಕೆ ಬರಬೇಕೆಂದು ವಿನಂತಿಸುತ್ತೇವೆ. ಸಂಜೆ ಏಳರ ನಂತರ ಬಂದರೆ ಮೆಸ್ಸಿನವರು, ಓದುವ ಮಕ್ಕಳು, ಹಿರಿಯರು ಎಲ್ಲರೂ ಸಿಗುತ್ತಾರೆ. ಸಹಿಗಳ ಹಾಳೆ ಮತ್ತು ಕಟ್ಟಡದ ಫೋಟೊಗಳನ್ನು ಲಗತ್ತಿಸಿದ್ದೇವೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿಗಳು,
ಸಪ್ತಾಪುರ ಭಾಗದ ನಿವಾಸಿಗಳು, ಧಾರವಾಡ.

ಪ್ರತಿಗಳು: ಮಾನ್ಯ ಜಿಲ್ಲಾಧಿಕಾರಿಗಳು, ಧಾರವಾಡ; ಮಾನ್ಯ ಅಬಕಾರಿ ಉಪ ಆಯುಕ್ತರು, ಧಾರವಾಡ ಜಿಲ್ಲೆ; ಮಾನ್ಯ ಪೊಲೀಸ್ ಆಯುಕ್ತರು, ಹುಬ್ಬಳ್ಳಿ-ಧಾರವಾಡ.