ಲೋಹದ ಪೀಠೋಪಕರಣ: ಬಣ್ಣದ ಕೆಳಗೇನಿದೆ ಎಂದು ಬರೆದು ಕೊಡಲಿ

ಮಾನ್ಯ ಸಂಪಾದಕರೇ,

ಪೀಠೋಪಕರಣಗಳ ಆಯ್ಕೆಯ ಕುರಿತು ನಿಮ್ಮ ಪುರವಣಿಯಲ್ಲಿ ಇತ್ತೀಚೆಗೆ ಬಂದ ಲೇಖನದಲ್ಲಿ, ಮರಕ್ಕೆ ಗೆದ್ದಲಿನ ಕಾಟವಿದೆ, ಲೋಹಕ್ಕೆ ಅದಿಲ್ಲ, ಆದ್ದರಿಂದ ಪೌಡರ್ ಕೋಟಿಂಗ್ (ಪುಡಿಬಣ್ಣದ ಲೇಪನ) ಆದ ಕುರ್ಚಿ ಮೇಜು ಕೊಂಡವರು ಮತ್ತೆ ಚಿಂತಿಸಬೇಕಿಲ್ಲ ಎಂಬರ್ಥದ ಮಾತಿತ್ತು. ಲೋಹದ ಪೀಠೋಪಕರಣ ತಯಾರಿಕೆಯೇ ಕಸುಬಾಗಿರುವ ನನಗೆ ಇದು ಅರ್ಧ ಸತ್ಯವೆನಿಸಿತು. ಗೆದ್ದಲು ಲೋಹವನ್ನು ಮುಟ್ಟದು, ನಿಜ. ಆದರೆ ಲೋಹವೆಂಬ ಒಂದೇ ಹೆಸರಿನಡಿ ಮಾರಾಟವಾಗುವ ವಸ್ತುಗಳ ಗುಣಗಳಲ್ಲಿ ಅಜಗಜಾಂತರವಿದೆ. ಅವುಗಳ ಬಾಳಿಕೆಯಾದರೋ ಬಹುಪಾಲು ನಿರ್ಧಾರವಾಗುವುದು ಬಣ್ಣ ಹಾಕುವ ಮುನ್ನ ನಡೆದ ಅಥವಾ ನಡೆಯದೇ ಹೋದ ಕೆಲಸದಿಂದ. ಕೊಳ್ಳುವವರಿಗೆ ಅದನ್ನು ತಿಳಿಯುವ ದಾರಿಯೇ ಇಲ್ಲದಿರುವುದು ನನ್ನ ಆಕ್ಷೇಪ.

ಅತಿ ಹೆಚ್ಚು ಬಳಕೆಯಲ್ಲಿರುವುದು ಮೈಲ್ಡ್ ಸ್ಟೀಲ್, ಅಂದರೆ ಇಂಗಾಲದ ಪ್ರಮಾಣ ಸುಮಾರು ಶೇ 0.25ನ್ನು ಮೀರದ ಉಕ್ಕು. ಇದನ್ನು ಬಾಗಿಸುವುದು ಸುಲಭ, ವೆಲ್ಡಿಂಗ್ ಮಾಡುವುದು ಸುಲಭ, ಹೆಚ್ಚು ಭಾರ ಬಿದ್ದರೂ ತಟ್ಟನೆ ಮುರಿಯದೆ ಮೊದಲು ಬಗ್ಗಿ ಸೂಚನೆ ಕೊಡುತ್ತದೆ. 1925ರ ಸುಮಾರಿಗೆ ಜರ್ಮನಿಯ ಬೌಹೌಸ್ ವಿನ್ಯಾಸ ಶಾಲೆಯಲ್ಲಿ ಮಾರ್ಸೆಲ್ ಬ್ರಾಯರ್ ಉಕ್ಕಿನ ಕೊಳವೆಯನ್ನು ಬಾಗಿಸಿ ಕುರ್ಚಿ ರೂಪಿಸಿದ ಕಾಲದಿಂದಲೂ ಕೊಳವೆ ಪೀಠೋಪಕರಣಗಳು ನಿಂತಿರುವುದು ಉಕ್ಕಿನ ಈ ಗುಣಗಳ ಮೇಲೆಯೇ. ಅದರ ಒಂದೇ ದೊಡ್ಡ ದೌರ್ಬಲ್ಯ ತುಕ್ಕು. ಸಡಿಲವಾದ ತುಕ್ಕು ಒಳಗಿನ ಲೋಹವನ್ನು ಕಾಯುವುದಿಲ್ಲ. ಜೊತೆಗೆ ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಮೇಲಿನ ಬಣ್ಣವನ್ನು ಗುಳ್ಳೆಯೆಬ್ಬಿಸಿ ಕಿತ್ತುಹಾಕುತ್ತದೆ.

ಪೌಡರ್ ಕೋಟಿಂಗ್ ಒಳ್ಳೆಯ ವಿಧಾನವೇ, ಅದರಲ್ಲಿ ತಕರಾರಿಲ್ಲ. ವಿದ್ಯುದಾವೇಶ ಪಡೆದ ಒಣ ಪುಡಿಯನ್ನು ಲೋಹದ ಮೇಲೆ ಸಿಂಪಡಿಸಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿಟ್ಟಾಗ ಅದು ಕರಗಿ ಹರಡಿ, ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್) ದಪ್ಪದ ಗಟ್ಟಿ ಪದರವಾಗುತ್ತದೆ. ಆದರೆ ಈ ಪದರ ಲೋಹವನ್ನು ಬಿಗಿಯಾಗಿ ಹಿಡಿಯಬೇಕಾದರೆ ಅದಕ್ಕೂ ಮುನ್ನ ಎಣ್ಣೆ ಜಿಡ್ಡನ್ನು ತೊಳೆದು, ತುಕ್ಕು ಬಿಡಿಸಿ, ಫಾಸ್ಫೇಟ್ ದ್ರಾವಣದಿಂದ ಮೇಲ್ಮೈಯಲ್ಲಿ ಸೂಕ್ಷ್ಮ ಹರಳುಗಳ ಪದರವನ್ನು ಬೆಳೆಸಿ, ಶುದ್ಧ ನೀರಿನಲ್ಲಿ ಜಾಲಿಸಿ ಪೂರ್ತಿ ಒಣಗಿಸಬೇಕು. ಸಮಯ ಉಳಿಸಲು ಮೊದಲು ಕತ್ತರಿ ಬೀಳುವುದು ಈ ಹಂತಗಳಿಗೇ. ತೊಟ್ಟಿಗಳಲ್ಲಿ ಕ್ರಮವಾಗಿ ಅದ್ದಿ ತೆಗೆದ ಕುರ್ಚಿಯೂ ಬಟ್ಟೆಯಿಂದ ಒರೆಸಿ ಪುಡಿ ಹೊಡೆದ ಕುರ್ಚಿಯೂ ಒಲೆಯಿಂದ ಹೊರಬರುವಾಗ ಒಂದೇ ರೀತಿ ಹೊಳೆಯುತ್ತವೆ. ಗೀರು ಬಿದ್ದ ಮೇಲೆ ಬಣ್ಣ ಬಯಲಾಗುತ್ತದೆ: ತಯಾರಿ ಸರಿಯಿದ್ದಲ್ಲಿ ತುಕ್ಕು ಬಹುಕಾಲ ಗೀರಿನ ಗೆರೆಯಲ್ಲೇ ನಿಂತಿರುತ್ತದೆ, ಇಲ್ಲದಿದ್ದಲ್ಲಿ ಪದರದ ಅಡಿಯಲ್ಲೇ ಎರಡೂ ಬದಿಗೆ ಹರಿದು, ಉಗುರಿನಿಂದ ಎಳೆದರೆ ಬಣ್ಣ ಹಾಳೆಹಾಳೆಯಾಗಿ ಬಿಚ್ಚಿಕೊಳ್ಳುತ್ತದೆ. ಪುಡಿಯಲ್ಲೂ ಬಗೆಗಳಿವೆ. ಎಪಾಕ್ಸಿ ಪುಡಿ ಗಟ್ಟಿ, ಆದರೆ ಬಿಸಿಲಿಗೆ ಮಂಕಾಗಿ ಸುಣ್ಣದಂತೆ ಕೈಗೆ ಹತ್ತುತ್ತದೆ. ಹೊರಾಂಗಣಕ್ಕೆ ತಕ್ಕದ್ದು ಪಾಲಿಯೆಸ್ಟರ್. ಕೊಳ್ಳುವಾಗ ಯಾವ ಪುಡಿ ಎಂದು ಕೇಳುವವರು ವಿರಳ, ಹೇಳುವವರು ಇನ್ನೂ ವಿರಳ.

ಲೇಪನ ತಲುಪದ ಜಾಗಗಳ ವಿಷಯ ಇದಕ್ಕಿಂತ ಗಂಭೀರವಾದುದು. ಪುಡಿಯನ್ನು ಎಳೆಯುವ ವಿದ್ಯುತ್ ಕ್ಷೇತ್ರ ಒಳಮೂಲೆಗಳನ್ನು ಸರಿಯಾಗಿ ಹೊಕ್ಕದ ಕಾರಣ ಎರಡು ಕೊಳವೆಗಳು ಕೂಡುವ ಸಂದಿಯಲ್ಲಿ ಪದರ ತೆಳುವಾಗುತ್ತದೆ, ಕೊಳವೆಯ ಒಳಮೈಗಂತೂ ಪುಡಿ ಹೋಗುವುದೇ ಇಲ್ಲ. ಹಳೆಯ ಕುರ್ಚಿಯ ಕಾಲಿನ ರಬ್ಬರ್ ಬುಷ್ ಕಿತ್ತು ನೋಡಿ: ನೆಲ ಒರೆಸುವ ನೀರು ಬಟ್ಟಲಿನಂತಹ ಆ ಬುಷ್‌ನೊಳಗೆ ನಿಂತು, ಕೊಳವೆಯ ಅಂಚು ಬಿಸ್ಕತ್ತಿನಂತೆ ಪುಡಿಯಾಗಿರುತ್ತದೆ, ತಲೆಕೆಳಗು ಮಾಡಿ ತಟ್ಟಿದರೆ ಒಳಗಿನಿಂದ ಕಂದು ಚೂರುಗಳು ಉದುರುತ್ತವೆ. ಹೊರಗಿನ ಬಣ್ಣ ಮಾತ್ರ ಹೊಸದರಂತೆಯೇ ಇರುತ್ತದೆ. ಕೊಳವೆಯ ಗೋಡೆಯ ದಪ್ಪ ಮುಖ್ಯವಾಗುವುದು ಇಲ್ಲಿಯೇ. ಅದನ್ನು ಹೇಳುವ ಗೇಜ್ ಲೆಕ್ಕ ತಿರುಗುಮುರುಗು, ಸಂಖ್ಯೆ ಹೆಚ್ಚಿದಷ್ಟೂ ದಪ್ಪ ಕಡಿಮೆ: 16 ಗೇಜ್ ಎಂದರೆ ಸುಮಾರು 1.6 ಮಿ.ಮೀ., 18 ಎಂದರೆ 1.2, 20 ಎಂದರೆ 0.9. ‘ಇಪ್ಪತ್ತು ಗೇಜ್, ಗಟ್ಟಿ ಮಾಲು’ ಎಂದು ಮಾರಾಟಗಾರರು ಹೇಳಿದಾಗ ಗ್ರಾಹಕರು ತಲೆದೂಗುವುದನ್ನು ಕಂಡು ನಾನು ಬೇಸರಪಟ್ಟದ್ದುಂಟು. ದಪ್ಪವನ್ನು ಮಿಲಿಮೀಟರಿನಲ್ಲೇ ಹೇಳಿದರೆ ಈ ಗೊಂದಲವಿರದು.

ಒಳಮೈಯನ್ನೂ ಕಾಯುವ ಶಕ್ತಿಯಿರುವುದು ಸತುವಿನ ಲೇಪನಕ್ಕೆ, ಅದೂ ವಸ್ತುವನ್ನು ಪೂರ್ತಿ ಕಟ್ಟಿ ಮುಗಿಸಿದ ಮೇಲೆ ಸುಮಾರು 450 ಡಿಗ್ರಿಯ ಕರಗಿದ ಸತುವಿನಲ್ಲಿ ಅದ್ದಿದರೆ. ಗೀರು ಬಿದ್ದು ಉಕ್ಕು ಬಯಲಾದರೂ ಸತು ತಾನು ಮೊದಲು ಸವೆದು ಪಕ್ಕದ ಉಕ್ಕನ್ನು ಉಳಿಸುತ್ತದೆ. ಬಣ್ಣಕ್ಕೆ ಈ ಗುಣವಿಲ್ಲ. ಆದರೆ ಮೊದಲೇ ಸತು ಹಚ್ಚಿದ ಕೊಳವೆಗಳನ್ನು ತಂದು ವೆಲ್ಡಿಂಗ್ ಮಾಡಿದಾಗ ಲೆಕ್ಕ ತಪ್ಪುತ್ತದೆ. ಸತು 907 ಡಿಗ್ರಿಯಲ್ಲೇ ಆವಿಯಾಗುತ್ತದೆ, ಉಕ್ಕು ಕರಗಲು ಇನ್ನೂ ಐದಾರು ನೂರು ಡಿಗ್ರಿ ಬೇಕು. ಹಾಗಾಗಿ ಬಲ ಬೇಕಾದ ಕೀಲಿನಲ್ಲೇ ರಕ್ಷಣೆ ಸುಟ್ಟುಹೋಗುತ್ತದೆ. ಆವಿಯಾದ ಸತುವಿನ ಬಿಳಿ ಹೊಗೆಯನ್ನು ಉಸಿರಾಡಿದ ಕೆಲಸಗಾರರಿಗೆ ಜ್ವರ ಬರಬಹುದು ಎಂಬುದನ್ನೂ ಇಲ್ಲಿ ಹೇಳಲೇಬೇಕು. ಬೆಸುಗೆಯ ಜಾಗವನ್ನು ಉಜ್ಜಿ ಸತು ಹೆಚ್ಚಿರುವ ಪ್ರೈಮರ್ ಹಚ್ಚುವುದು ಕನಿಷ್ಠ ಕರ್ತವ್ಯ.

ಕ್ರೋಮ್ ಹೊಳಪಿನ ಬಗೆಗೂ ತಪ್ಪು ತಿಳಿವಳಿಕೆಯಿದೆ. ಅಲಂಕಾರದ ಕ್ರೋಮಿಯಂ ಪದರ ಒಂದು ಮೈಕ್ರಾನಿಗಿಂತಲೂ ತೆಳು. ತುಕ್ಕನ್ನು ತಡೆಯುವುದು ಅದರ ಕೆಳಗಿನ ನಿಕ್ಕಲ್. ನಿಕ್ಕಲ್ ಪದರದಲ್ಲಿ ಜಿನುಗು ರಂಧ್ರಗಳಿದ್ದರೆ ಅಲ್ಲಿ ಉಕ್ಕು ಬೇಗನೇ ಸವೆಯುತ್ತದೆ, ಏಕೆಂದರೆ ಸತುವಿಗೆ ವಿರುದ್ಧವಾಗಿ ನಿಕ್ಕಲ್ ಉಕ್ಕನ್ನೇ ಬಲಿ ಕೊಡುತ್ತದೆ. ಕ್ರೋಮ್ ಕಾಲುಗಳ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಏಳುವುದು ಹೀಗೆ.

ಸ್ಟೇನ್‌ಲೆಸ್ ಸ್ಟೀಲಿಗೆ ಬಣ್ಣವೇ ಬೇಡ, ಕನಿಷ್ಠ ಶೇ 10.5ರಷ್ಟಿರುವ ಕ್ರೋಮಿಯಂ ತಾನೇ ರಕ್ಷಣೆಯ ಪೊರೆ ಕಟ್ಟುತ್ತದೆ. ಆದರೆ 304 ಎಂಬ ದರ್ಜೆಯಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್ ಇದ್ದರೆ, ಅಗ್ಗದ 202ರಲ್ಲಿ ನಿಕ್ಕಲನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ತೇವಕ್ಕೂ ಉಪ್ಪಿಗೂ ಅದರ ತಡೆ ಕಡಿಮೆ. ಅಯಸ್ಕಾಂತ ಹಿಡಿದು ಪರೀಕ್ಷಿಸಬಹುದೆಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು, ಎರಡೂ ಹೆಚ್ಚುಕಡಿಮೆ ಅಂಟುವುದಿಲ್ಲ. ಅಂಟುವ 430 ದರ್ಜೆಯೂ ಅಸಲಿ ಸ್ಟೇನ್‌ಲೆಸ್ಸೇ. ಸಮುದ್ರದ ಗಾಳಿಗೆ ಮೈಯೊಡ್ಡುವ ಜಾಗಕ್ಕೆ ಮಾಲಿಬ್ಡಿನಮ್ ಎಂಬ ಲೋಹ ಸೇರಿದ 316 ದರ್ಜೆ ಬೇಕು. ಯಾವ ದರ್ಜೆಯೇ ಆಗಲಿ, ಬ್ಲೀಚಿಂಗ್ ದ್ರಾವಣದಿಂದ ಒರೆಸುವುದೂ ಕಬ್ಬಿಣದ ನಾರಿನಿಂದ ಉಜ್ಜುವುದೂ ಅದಕ್ಕೆ ಹಾನಿಯೇ.

ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದರಷ್ಟು ತೂಗುತ್ತದೆ, ಬಾಗದೆ ನಿಲ್ಲುವ ಬಿಗುವೂ ಸುಮಾರು ಮೂರನೇ ಒಂದೇ. ಅದೇ ಅಳತೆಯ ಕೊಳವೆ ಹಾಕಿದರೆ ಕುರ್ಚಿ ತೊನೆಯುತ್ತದೆ. ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸುವ ಆನೋಡೈಸಿಂಗ್‌ನಿಂದ ಅದರ ಸಹಜ ಪೊರೆಯನ್ನೇ ದಪ್ಪವಾಗಿ ಬೆಳೆಸಬಹುದು, ಇದು ಲೋಹದಿಂದಲೇ ಹುಟ್ಟಿದ್ದಾದ್ದರಿಂದ ಬಣ್ಣದಂತೆ ಸುಲಿಯುವುದಿಲ್ಲ. ಮಳೆಗೆ ನೆನೆಯುವ ಕಡೆ ಅದಕ್ಕೆ ಸ್ಟೇನ್‌ಲೆಸ್ ತಿರುಪು ನೇರವಾಗಿ ಬಿಗಿದರೆ ತಿರುಪಿನ ಸುತ್ತ ಅಲ್ಯೂಮಿನಿಯಂ ಕೊರೆದುಹೋಗುತ್ತದೆ, ನೈಲಾನ್ ವಾಷರ್ ಇಡಬೇಕು. ಎರಕದ ಕಬ್ಬಿಣ ಒತ್ತಡ ತಾಳುತ್ತದೆ, ಬಿದ್ದರೆ ಒಡೆಯುತ್ತದೆ. ಹಿತ್ತಾಳೆ ಹಿಡಿಗಳ ಹೊಳಪು ಮೇಲಿನ ಲ್ಯಾಕರ್ (ಪಾರದರ್ಶಕ ಮೆರುಗು ಲೇಪ) ಇರುವಷ್ಟು ದಿನ.

ಪತ್ರಿಕೆಯ ಮೂಲಕ ತಯಾರಕರಲ್ಲಿ, ಅಂದರೆ ನನ್ನ ವೃತ್ತಿಬಾಂಧವರಲ್ಲಿ ನನ್ನ ಕೋರಿಕೆ ಇಷ್ಟೇ: ಪ್ರತಿ ವಸ್ತುವಿನ ಅಡಿಯಲ್ಲಿ ಲೋಹದ ದರ್ಜೆ, ಕೊಳವೆ ಅಥವಾ ತಗಡಿನ ದಪ್ಪ ಮಿಲಿಮೀಟರಿನಲ್ಲಿ, ಲೇಪನದ ಬಗೆ ಮತ್ತು ಮೈಕ್ರಾನ್ ಲೆಕ್ಕ, ಫಾಸ್ಫೇಟ್ ತಯಾರಿ ನಡೆದಿದೆಯೋ ಇಲ್ಲವೋ, ಒಳಾಂಗಣಕ್ಕೋ ಹೊರಾಂಗಣಕ್ಕೋ ಎಂಬುದನ್ನು ಬರೆದ ಚೀಟಿಯೊಂದನ್ನು ಅಂಟಿಸಲಿ. ಈ ವಿವರಗಳೆಲ್ಲ ಕಾರ್ಖಾನೆಯಲ್ಲಿ ಹೇಗೂ ಗೊತ್ತಿರುತ್ತವೆ, ಬರೆಯಲು ಹೊಸ ಯಂತ್ರವೇನೂ ಬೇಕಿಲ್ಲ. ಮುಂದಿನ ಬಾರಿ ನಿಮ್ಮ ಪುರವಣಿ ಪೀಠೋಪಕರಣಗಳನ್ನು ಶಿಫಾರಸು ಮಾಡುವಾಗ ಬಣ್ಣ ಮತ್ತು ವಿನ್ಯಾಸದ ಜೊತೆಗೆ ಈ ವಿವರಗಳನ್ನೂ ಕೇಳಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಪೀಠೋಪಕರಣ ತಯಾರಿಕೆಯಲ್ಲಿರುವ ಓರ್ವ ಓದುಗ